ಫರ್ಡಿನಾಂಡ್ ಕಿಟ್ಟೆಲ್

ಫರ್ಡಿನಾಂಡ್ ಕಿಟ್ಟೆಲ್ (1832–1903) ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ; ಬಾಸೆಲ್ ಮಿಷನ್ನಿನ ಧರ್ಮಪ್ರಚಾರಕರು. ಜರ್ಮನಿಯ ರೆಸ್ಟರ್‌ಹಾಫೆಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಇವರು 1853ರಲ್ಲಿ ಭಾರತಕ್ಕೆ ಬಂದು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಸೇವೆ ಸಲ್ಲಿಸಿದರು.

ದೇವರ ಕ್ಷಮೆಗೆ ಕ್ರಿಸ್ತನ ಬಲಿದಾನವೇ ಆಧಾರ, ಅದಕ್ಕೆ ಬೈಬಲ್ಲೇ ಪ್ರಮಾಣ ಎಂಬುದು ಮಿಷನ್ನಿನ ಬೋಧನೆ. ವೇದವನ್ನೇ ಪ್ರಮಾಣವೆಂದು ನಂಬಿದವರಿಗೆ ಇದನ್ನು ಮನಗಾಣಿಸುವುದು ಸುಲಭವಾಗಿರಲಿಲ್ಲ. ಕಿಟ್ಟೆಲ್ ಈ ನೆಲದ ನುಡಿ, ಗ್ರಂಥಗಳ ಅಧ್ಯಯನಕ್ಕೆ ತೊಡಗಿದರು. ‘ಕಥಾಮಾಲೆ’ಯಲ್ಲಿ (1862) ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ಅಳವಡಿಸಿದರು, ‘ಯಜ್ಞಸುಧಾನಿಧಿ’ಯಲ್ಲಿ (1872) ಯಜ್ಞ, ಬಲಿಗಳ ವಿಚಾರವನ್ನೇ ಎತ್ತಿಕೊಂಡರು. ಇಂದು ಇವೆರಡನ್ನೂ ಓದುವವರು ವಿರಳ.

ಅದೇ ವ್ಯಾಸಂಗದ ಫಲವಾದ, ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಕನ್ನಡ ವ್ಯಾಕರಣ ಗ್ರಂಥ ಹೊರಬಂದ 1903ರಲ್ಲೇ ಟ್ಯೂಬಿಂಗೆನ್ನಿನಲ್ಲಿ ನಿಧನರಾದರು.