ಶ್ರೀ ಶಾಹೂ ಛತ್ರಪತಿಗಳ ಗೃಹಜೀವನ

ಕೊಲ್ಲಾಪುರದ ಶ್ರೀ ಶಾಹೂ ಛತ್ರಪತಿ ಮಹಾರಾಜರ ನಾಮಧೇಯವನ್ನು ಕೇಳದವರು ಗಡಹಿಂಗ್ಲಜ, ಕಾಗಲ, ಇಚಲಕರಂಜಿ ಈ ಪ್ರಾಂತದಲ್ಲಿ ಇರಲಾರರು. ಹಿಂದುಳಿದವರಿಗೆ ಸರಕಾರಿ ನೌಕರಿಗಳಲ್ಲಿ ನೂರಕ್ಕೆ 50 ಜಾಗೆಗಳನ್ನು ಮೀಸಲಿಟ್ಟ 1902ರ ಆಜ್ಞೆ, ವಿದ್ಯಾರ್ಥಿ ವಸತಿಗೃಹಗಳು, ಕಡ್ಡಾಯ ಪ್ರಾಥಮಿಕ ಶಿಕ್ಷಣ ಇವುಗಳ ಸಂಗತಿಯನ್ನು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಅನೇಕರು ಬರೆದಿರುವರು. ಆದರೆ ಅವರು ಪತಿಯಾಗಿ, ತಂದೆಯಾಗಿ, ಮಾವನಾಗಿ ಏನನ್ನು ಕಂಡರು, ಏನನ್ನು ಅನುಭವಿಸಿದರು ಎಂಬುದರ ಕಡೆಗೆ ಲಕ್ಷ್ಯ ಹರಿದದ್ದು ಕಡಿಮೆ. ದಾಂಪತ್ಯದ ಸುಖಕ್ಕೆ ಯಾವುದು ಆಧಾರ, ಅದು ಕೆಟ್ಟಾಗ ಮನೆತನಕ್ಕೆ ಏನಾಗುತ್ತದೆ ಎಂದು ವಿಚಾರಿಸುವವರಿಗೆ ಈ ಅರಸರ ಮನೆಯೇ ಒಂದು ದೊಡ್ಡ ಉದಾಹರಣೆಯಾಗಿದೆ.

ಅವರು ಹುಟ್ಟಿದ್ದು 1874ನೆಯ ಜೂನ್ 26ರಂದು, ಕಾಗಲದ ಘಾಟಗೆ ಮನೆತನದಲ್ಲಿ. ಮೊದಲ ಹೆಸರು ಯಶವಂತರಾವ. ತಂದೆ ಜಯಸಿಂಗರಾವ ಆಬಾಸಾಹೇಬರು. ತಾಯಿ ರಾಧಾಬಾಯಿಯವರು ನಮ್ಮ ಕನ್ನಡ ನಾಡಿನ ಮುಧೋಳ ಸಂಸ್ಥಾನದ ಮಗಳು. ಮಗನಿಗೆ ಮೂರು ವರುಷವಾಗಿರುವಾಗಲೇ ತಾಯಿ ತೀರಿಕೊಂಡರು. 1884ರ ಮಾರ್ಚ್ 17ರಂದು ನಾಲ್ಕನೆಯ ಶಿವಾಜಿ ಮಹಾರಾಜರ ವಿಧವೆ ಆನಂದಿಬಾಯಿಯವರು ಈ ಬಾಲಕನನ್ನು ದತ್ತಕ ತೆಗೆದುಕೊಂಡರು. ಇನ್ನೆರಡು ವರುಷಗಳಲ್ಲಿ ಹೆತ್ತ ತಂದೆಯೂ ಇಲ್ಲವಾದರು. ತಂದೆತಾಯಿಗಳು ಕೂಡಿ ಬಾಳುವುದನ್ನು ಕಣ್ಣಾರೆ ಕಂಡು ಬೆಳೆಯುವ ಭಾಗ್ಯ ಅವರಿಗೆ ದೊರೆಯಲಿಲ್ಲ.

ರಾಜಕೋಟದ ರಾಜಕುಮಾರ ಕಾಲೇಜಿನ ಅಭ್ಯಾಸ ಮುಗಿದ ಮೇಲೆ 1890ರಿಂದ 1894ರ ವರೆಗೆ ಅವರು ಧಾರವಾಡದಲ್ಲಿ ಫ್ರೇಜರ್ ಸಾಹೇಬರ ಕೈಕೆಳಗೆ ಕಲಿತರು. ಅಲ್ಲಿರುವಾಗಲೇ, 1891ರ ಏಪ್ರಿಲ್ 1ರಂದು, ಬಡೋದೆಯ ಖಾನವಿಲಕರ ಮನೆತನದ ಲಕ್ಷ್ಮೀಬಾಯಿಯವರೊಡನೆ ವಿವಾಹವಾಯಿತು. ವರನಿಗೆ ಹದಿನೇಳನೆಯ ವರುಷ ಇನ್ನೂ ತುಂಬಿರಲಿಲ್ಲ. ವಧು ಇನ್ನೂ ಚಿಕ್ಕ ಹುಡುಗಿ. ಆ ಕಾಲದ ರೂಢಿಯೇ ಹಾಗಿತ್ತು. 1894ರ ಏಪ್ರಿಲ್ 2ರಂದು ರಾಜ್ಯಸೂತ್ರಗಳು ಅವರ ಕೈಗೆ ಬಂದವು. ಅಷ್ಟರಲ್ಲಿಯೇ ಹಿರಿಯ ಮಗಳು ರಾಧಾಬಾಯಿ, ಎಲ್ಲರ ಬಾಯಲ್ಲಿ ಅಕ್ಕಾಸಾಹೇಬ, ಹುಟ್ಟಿದ್ದಳು. 1897ರಲ್ಲಿ ರಾಜಾರಾಮ, 1899ರಲ್ಲಿ ಶಿವಾಜಿ ಹುಟ್ಟಿದರು.

ಮೂವತ್ತೊಂದು ವರುಷಗಳ ಆ ದಾಂಪತ್ಯದ ಒಳಗಿನ ಮಾತುಗಳನ್ನು ಹೇಳಹೋಗುವುದು ಹೊರಗಿನವರಿಗೆ ತಕ್ಕದ್ದಲ್ಲ. ಆದರೆ ಭೋಗಾವತಿ ನದಿಗೆ ಕಟ್ಟೆಯನ್ನು ಕಟ್ಟಿಸಲು ಕೈಹಾಕಿದಾಗ ಮಹಾರಾಜರು ಅಲ್ಲಿಯ ಹೊಸ ಪೇಟೆಗೆ ಮಗಳ ಹೆಸರನ್ನೂ ಜಲಾಶಯಕ್ಕೆ ರಾಣಿಯವರ ಹೆಸರನ್ನೂ ಇಟ್ಟರು. ರಾಧಾನಗರಿ, ಲಕ್ಷ್ಮೀ ತಲಾವ ಎಂದು ನಾವು ದಿನಾಲೂ ಅನ್ನುತ್ತೇವೆ. ಅವು ಒಂದೇ ಮನೆಯ ತಾಯಿ ಮಗಳ ಹೆಸರುಗಳೆಂಬುದು ಅನೇಕರಿಗೆ ನೆನಪಿರುವುದಿಲ್ಲ.

ಅದೇ ಮಗಳ ಬಾಳಿನಲ್ಲಿ ಮಹಾರಾಜರಿಗೆ ಮೊದಲ ಪೆಟ್ಟು ಬಿದ್ದಿತು. 1908ರಲ್ಲಿ ಅಕ್ಕಾಸಾಹೇಬರನ್ನು ಮಾಳವದ ದೇವಾಸ ಹಿರಿಯ ಸಂಸ್ಥಾನದ ತುಕೋಜಿರಾವ ಪವಾರರಿಗೆ ಕೊಟ್ಟು ಲಗ್ನ ಮಾಡಲಾಯಿತು. ಕುಲ ನೋಡಿದರೆ ಸರಿಸಮ. ವರನು ವಿದ್ಯಾವಂತ, ರಸಿಕ, ದೈವಭಕ್ತ. ಸಂಪತ್ತಿಗೆ ಕೊರತೆ ಇರಲಿಲ್ಲ. ನಮ್ಮಲ್ಲಿ ಹೆಣ್ಣು ಕೊಡುವವರು ವಿಚಾರಿಸುವ ಎಲ್ಲ ಸಂಗತಿಗಳೂ ಅಲ್ಲಿ ಕೂಡಿಬಂದಿದ್ದವು. 1910ರಲ್ಲಿ ವಿಕ್ರಮಸಿಂಹನೆಂಬ ಮಗನೂ ಹುಟ್ಟಿದನು. ಹೀಗಿದ್ದರೂ ಗಂಡಹೆಂಡಿರ ಮನಸ್ಸು ಕೂಡಲಿಲ್ಲ. ಕೆಲವೇ ವರುಷಗಳಲ್ಲಿ ಅಕ್ಕಾಸಾಹೇಬರು ತವರಿಗೆ ಬಂದರು. ಮರಳಿ ದೇವಾಸಕ್ಕೆ ಬಾಳಲು ಹೋಗಲಿಲ್ಲ. ದೇವಾಸದಲ್ಲಿ ಕಾರ್ಯದರ್ಶಿಯಾಗಿದ್ದ ಆಂಗ್ಲ ಲೇಖಕ ಫಾರ್ಸ್ಟರ್‌ರು 1953ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವಿರಸದ ಪ್ರಸ್ತಾಪವಿದೆ. ಆದರೆ ಅವರು ದೇವಾಸದ ಅರಸರ ಆಪ್ತರು. ಒಂದೇ ಪಕ್ಷದ ಮಾತು ಕೇಳಿ ತೀರ್ಪು ಕೊಡುವುದು ಸರಿಯಲ್ಲ.

ತಪ್ಪು ಯಾರದೇ ಇರಲಿ, ಪರಿಣಾಮವು ಮಗುವಿನ ಮೇಲಾಯಿತು. ವಿಕ್ರಮಸಿಂಹನು ತಂದೆಯ ಬಳಿಯಲ್ಲಿ ದೇವಾಸದಲ್ಲಿಯೇ ಉಳಿದನು, ತಾಯಿ ಕೊಲ್ಲಾಪುರದಲ್ಲಿ. 1926ರಲ್ಲಿ ಜತ್ತ ಸಂಸ್ಥಾನದ ರಾಜಕುಮಾರಿಯೊಡನೆ ಅವನ ವಿವಾಹವಾಯಿತು. ಮರುವರುಷದ ಕೊನೆಗೆ ತಂದೆಮಕ್ಕಳಲ್ಲಿ ಮಹಾ ವೈಮನಸ್ಸು ಬೆಳೆದು ಮಗನು ದೇವಾಸವನ್ನು ಬಿಟ್ಟು ಹೊರಬಿದ್ದನು. ತುಕೋಜಿರಾಯರು ಸಾಲಸೋಲದಲ್ಲಿ ಮುಳುಗಿ ಫ್ರೆಂಚರ ಪಾಂಡಿಚೇರಿಯನ್ನು ಸೇರಿ 1937ರಲ್ಲಿ ಅಲ್ಲಿಯೇ ತೀರಿದರು. ಒಂದು ಜೋಡಿಯ ಮುರಿದ ಮನಸ್ಸು ಒಂದು ಸಂಸ್ಥಾನವನ್ನೇ ಅಲುಗಿಸಿತು ಎಂದರೆ ಅತಿಶಯೋಕ್ತಿಯಾದೀತು. ಆದರೆ ಆ ಮನೆಯಲ್ಲಿ ಎರಡು ತಲೆಮಾರು ನೆಮ್ಮದಿ ಇರಲಿಲ್ಲವೆಂಬುದು ನಿಜ. ತಲಾಠಿಯ ಕೆಲಸದಲ್ಲಿ ವಾರಸಾ ನೋಂದಣಿ, ವಾಟಣಿ ಬರೆಯುತ್ತ ಕುಳಿತವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹೊಲದ ಉತಾರದಲ್ಲಿ ಕಾಣುವ ಎಷ್ಟೋ ತಕರಾರುಗಳ ಬೇರು ಹೊಲದಲ್ಲಿ ಇರುವುದಿಲ್ಲ, ಅಡಿಗೆಮನೆಯಲ್ಲಿ ಇರುತ್ತದೆ. ಅಂದಹಾಗೆ, ಕುಲಕರ್ಣಿ ವತನವನ್ನು ತೆಗೆದು ಕೊಲ್ಲಾಪುರ ರಾಜ್ಯದಲ್ಲಿ ತಲಾಠಿಗಳನ್ನು ನೇಮಿಸಿದವರೂ ಇದೇ ಮಹಾರಾಜರು, 1918ರಲ್ಲಿ.

ಆ 1918ನೆಯ ವರುಷವು ಅವರಿಗೆ ದಾರುಣವಾಗಿತ್ತು. ಕಿರಿಯ ಮಗ ಶಿವಾಜಿಯ ಲಗ್ನವು ಹಿಂದಿನ ಜೂನ್ ತಿಂಗಳಲ್ಲಿ ಸಾಸವಡದ ಜಗತಾಪ ಮನೆತನದ ಇಂದುಮತಿದೇವಿಯೊಡನೆ ಆಗಿತ್ತು. 1918ರ ಜೂನ್ 12ರಂದು ಬೇಟೆಯಲ್ಲಿ ಅಪಘಾತವಾಗಿ ಹತ್ತೊಂಬತ್ತು ವರುಷದ ರಾಜಕುಮಾರನು ಮರಣ ಹೊಂದಿದನು. ಇಂದುಮತಿಯವರಿಗೆ ಆಗ ಹನ್ನೆರಡು ವರುಷವೂ ತುಂಬಿರಲಿಲ್ಲ. ದಾಂಪತ್ಯವೆಂದರೇನೆಂದು ತಿಳಿಯುವ ಮೊದಲೇ ವೈಧವ್ಯ! ಮರಾಠಾ ರಾಜಮನೆತನದ ವಿಧವೆಯೆಂದರೆ ಅಂದಿನ ದಿನಗಳಲ್ಲಿ ಪಡದೆಯ ಹಿಂದಿನ ಕೋಣೆ, ಅಷ್ಟೇ.

ಮಹಾರಾಜರು ಸೊಸೆಯನ್ನು ಆ ಕೋಣೆಗೆ ಬಿಡಲಿಲ್ಲ. ಕೊಲ್ಲಾಪುರದ ಹೊರಗೆ ಸೋನತಳಿಯ ಬಂಗಲೆಯಲ್ಲಿ ಆಕೆಯನ್ನು ಇರಿಸಿ ಶಿಕ್ಷಣದ ಏರ್ಪಾಡು ಮಾಡಿದರು. ಒಬ್ಬಳೇ ಓದಿದರೆ ಮನಸ್ಸು ಕುಗ್ಗೀತೆಂದು ಬೇರೆ ಬೇರೆ ಜಾತಿಯ ಹುಡುಗಿಯರನ್ನು ಜೊತೆಗೆ ಇರಿಸಿದರು. ಊರಿಗೆ ಹೋದಾಗಲೆಲ್ಲ ಸೊಸೆಗೆ ಪತ್ರ ಬರೆಯುತ್ತಿದ್ದರು. ಅರಮನೆಯವರ ವಿರೋಧ ಇಲ್ಲದಿರಲಿಲ್ಲ. ವಿಧವೆ ಸೊಸೆ ಓದುವುದು ಕುಲಕ್ಕೆ ಹೀನವೆಂದು ಗೊಣಗುವವರು ಗುಡಿಸಲಿನಲ್ಲಿ ಇರುವಂತೆ ಅರಮನೆಯಲ್ಲಿಯೂ ಇರುತ್ತಾರೆ. ಮಾವನು ಗಟ್ಟಿಯಾಗಿ ನಿಂತದ್ದರಿಂದ ಆ ಓದು ನಡೆಯಿತು.

ಮಹಾರಾಜರ ಕಾಯಿದೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ವಿಧವಾ ಪುನರ್ವಿವಾಹಕ್ಕೆ ಮಾನ್ಯತೆ ಕೊಡುವ ಕಾಯಿದೆ 1917ರಲ್ಲಿ ಬಂದಿತು. ಮಗನ ಮರಣಕ್ಕಿಂತ ಮೊದಲೇ ಎಂಬುದನ್ನು ಗಮನಿಸಬೇಕು. ಅಂತರ್ಜಾತೀಯ ವಿವಾಹದ ಕಾಯಿದೆಯೂ ಅದರ ಬೆನ್ನಿಗೇ ಬಂದಿತು. ವಿಠ್ಠಲಭಾಯಿ ಪಟೇಲರು ಮಂಡಿಸಿದ ಅದೇ ಬಗೆಯ ಮಸೂದೆಗೂ ಅವರು ಬೆಂಬಲವಿತ್ತರು. 1919ರಲ್ಲಿ ಹೆಂಗಸರನ್ನು ಮನೆಯಲ್ಲಿ ಕ್ರೂರವಾಗಿ ನಡೆಸಿಕೊಳ್ಳುವವರಿಗೆ ಶಿಕ್ಷೆ ವಿಧಿಸುವ ಕಾಯಿದೆಯಾಯಿತು. ಅದೇ ವೇಳೆಗೆ, ಜಾತಿ ಪಂಚಾಯಿತಿಯವರ ಕೈಯಲ್ಲಿದ್ದ ಕಾಡಿಮೋಡದ, ಅಂದರೆ ಸೋಡಪತ್ರದ ವ್ಯವಹಾರಕ್ಕೂ ಕಾಯಿದೆಯ ಚೌಕಟ್ಟು ಬಂದಿತು. 1920ರಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಜೋಗತಿಯ ಪದ್ಧತಿಗೆ ನಿರ್ಬಂಧ ಹಾಕಿದರು. ಹೆಣ್ಣನ್ನು ಬಿಟ್ಟ ಮನೆಯವರು ಅದನ್ನು ಭಕ್ತಿಯೆಂದು ತಿಳಿದಿದ್ದರು. ಅವಳಿಗೆ ಸಂಸಾರವೇ ಇಲ್ಲದಂತಾಯಿತೆಂಬುದು ಯಾರಿಗೂ ತೋರುತ್ತಿರಲಿಲ್ಲ. ಉಳಿದ ಹಿಂದೂಸ್ಥಾನದಲ್ಲಿ ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ. ಗಂಡನ ಮನೆಯ ಕ್ರೌರ್ಯವನ್ನು ದಂಡಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವೆಂದು ಸೇರಿಸಿದ್ದು 1983ರಲ್ಲಿ. ನಮ್ಮ ಪ್ರಾಂತವು ಎಷ್ಟು ಮುಂದಿತ್ತೆಂಬುದು ಇದರಿಂದ ವಿದಿತವಾಗುವುದು.

ಹೀಗೆಂದು ಮಹಾರಾಜರಲ್ಲಿ ಕುಂದೇ ಇರಲಿಲ್ಲವೆನ್ನಲಾಗದು. ಮಗಳನ್ನು ಹದಿನಾಲ್ಕು ವರುಷಕ್ಕೆ ಕೊಟ್ಟವರು, ಹತ್ತು ವರುಷ ತುಂಬಿದ ಹುಡುಗಿಯನ್ನು ಸೊಸೆಯಾಗಿ ತಂದವರು ಅವರೇ. ವಧುವಿನ ಮನಸ್ಸನ್ನು ಕೇಳುವ ಪದ್ಧತಿ ಆ ಅರಮನೆಯಲ್ಲಿಯೂ ಇರಲಿಲ್ಲ. ಕಾಯಿದೆಯು ಹೊಡೆತವನ್ನು ತಡೆಯಬಲ್ಲದು, ಬಾಗಿಲನ್ನು ತೆರೆಯಬಲ್ಲದು; ಮನಸ್ಸನ್ನು ಕೂಡಿಸುವ ಶಕ್ತಿ ಅದಕ್ಕಿಲ್ಲ. ಮಗಳ ಸಂಸಾರವನ್ನು ಅವರಿಂದ ಸರಿಪಡಿಸಲಾಗಲಿಲ್ಲ. ಆದರೆ ತವರಿಗೆ ಬಂದ ಮಗಳಿಗೂ, ವಿಧವೆಯಾದ ಸೊಸೆಗೂ ಅವರ ಮನೆಯಲ್ಲಿ ಮರ್ಯಾದೆಯ ಸ್ಥಾನವಿತ್ತು. ಈ ಒಂದು ಮಾತಿಗಾಗಿ ನಾನು ಅವರನ್ನು ಅವರ ಎಲ್ಲ ಕಟ್ಟಡಗಳಿಗಿಂತ ಹೆಚ್ಚಾಗಿ ಗೌರವಿಸುತ್ತೇನೆ.

1922ರ ಮೇ 6ರಂದು ಮುಂಬಯಿಯಲ್ಲಿ ಮಹಾರಾಜರು ದೇಹವಿಟ್ಟರು. ಆಗ ಅವರಿಗೆ ನಾಲ್ವತ್ತೆಂಟು ವರುಷವೂ ತುಂಬಿರಲಿಲ್ಲ. ಹಿರಿಯ ಮಗ ರಾಜಾರಾಮ ಮಹಾರಾಜರು ಗಂಡುಸಂತಾನವಿಲ್ಲದೆ 1940ರಲ್ಲಿ ತೀರಿದರು. ಕೊನೆಗೆ 1947ರಲ್ಲಿ ಅಕ್ಕಾಸಾಹೇಬರ ಮಗ ವಿಕ್ರಮಸಿಂಹರೇ ಶಹಾಜಿ ಎಂಬ ಹೆಸರಿನಿಂದ ತಾಯಿಯ ತವರಿನ ಗಾದಿಯನ್ನೇರಿದರು. 1949ರ ಮಾರ್ಚ್ 1ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಂದುಮತಿದೇವಿಯವರು ಮಾವನ ಮರಣದ ತರುವಾಯವೂ ಓದು ಬಿಡದೆ 1925ರಲ್ಲಿ ಮ್ಯಾಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಕೊಲ್ಲಾಪುರದಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಅನೇಕ ವರುಷ ದುಡಿದು 1971ರಲ್ಲಿ ತೀರಿಕೊಂಡರು.