ವಿಲ್ಮಾ ರುಡಾಲ್ಫ್ (1940–1994): ಪೋಲಿಯೋವನ್ನು ಮೀರಿ ಓಡಿದ ಓಟಗಾರ್ತಿ

ಒಂದೇ ಒಲಿಂಪಿಕ್ ಕ್ರೀಡಾಕೂಟದ ಓಟದ ಸ್ಪರ್ಧೆಗಳಲ್ಲಿ ಮೂರು ಚಿನ್ನದ ಪದಕಗಳನ್ನು ಗಳಿಸಿದ ಪ್ರಥಮ ಅಮೆರಿಕನ್ ಮಹಿಳೆ ವಿಲ್ಮಾ ರುಡಾಲ್ಫ್. ಬಾಲ್ಯದಲ್ಲಿ ಪೋಲಿಯೋ ಪೀಡಿತರಾಗಿದ್ದ ಇವರ ಜೀವನವು ಕುಟುಂಬದ ನಿರಂತರ ಆರೈಕೆಯ ಮಹತ್ವಕ್ಕೆ ನಿದರ್ಶನವಾಗಿದೆ.

ಜನನ ಮತ್ತು ಬಾಲ್ಯ

ವಿಲ್ಮಾ ಅವರು 1940ರ ಜೂನ್ 23ರಂದು ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ ಬಡ ಕಪ್ಪು ಜನಾಂಗದ ಕುಟುಂಬವೊಂದರಲ್ಲಿ ಅವಧಿಗೆ ಮುನ್ನವೇ ಜನಿಸಿದರು. ತಂದೆಯ 22 ಮಕ್ಕಳಲ್ಲಿ ಇವರು 20ನೆಯವರು. ತಂದೆ ರೈಲ್ವೆ ಕೂಲಿಕಾರರಾಗಿದ್ದರು; ತಾಯಿ ಪರರ ಮನೆಗೆಲಸ ಮಾಡುತ್ತಿದ್ದರು. ನ್ಯುಮೋನಿಯಾ ಮತ್ತು ಸ್ಕಾರ್ಲೆಟ್ ಜ್ವರಗಳ ಜೊತೆಗೆ ಪೋಲಿಯೋ ಸಹ ತಗುಲಿ, ಅವರ ಎಡಗಾಲು ಶಕ್ತಿಗುಂದಿತು. ಆಗ ಪೋಲಿಯೋ ಲಸಿಕೆ ಇನ್ನೂ ಬಳಕೆಗೆ ಬಂದಿರಲಿಲ್ಲ.

ವರ್ಣಭೇದದ ಕಾರಣ ಸ್ವಂತ ಊರಿನಲ್ಲಿ ತಕ್ಕ ಚಿಕಿತ್ಸೆ ದೊರೆಯುತ್ತಿರಲಿಲ್ಲ. ತಾಯಿಯು ಮಗಳನ್ನು ಸುಮಾರು 80 ಕಿ.ಮೀ. ದೂರದ ನ್ಯಾಶ್‌ವಿಲ್ ನಗರದ ಮೆಹ್ಯಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಪ್ರತಿ ವಾರ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು. ಮನೆಯವರೆಲ್ಲರೂ ಸರದಿಯಂತೆ ದಿನಕ್ಕೆ ನಾಲ್ಕು ಬಾರಿ ಕಾಲು ನೀವುತ್ತಿದ್ದರು. ಹಲವು ವರ್ಷ ಕ್ಯಾಲಿಪರ್ ಧರಿಸಿದ್ದ ಬಾಲಕಿಯು 12ನೆಯ ವಯಸ್ಸಿನ ಹೊತ್ತಿಗೆ ಅದರ ನೆರವಿಲ್ಲದೆ ನಡೆಯುವಂತಾದರು.

ಕ್ರೀಡಾ ಸಾಧನೆ

ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ವಿಲ್ಮಾ ಅವರ ವೇಗವನ್ನು ಗುರುತಿಸಿದ ತರಬೇತುದಾರ ಎಡ್ ಟೆಂಪಲ್ ಅವರು ಓಟದಲ್ಲಿ ತರಬೇತಿ ನೀಡಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, ತಮ್ಮ 16ನೆಯ ವಯಸ್ಸಿನಲ್ಲಿ, ಇವರು ರಿಲೇ ತಂಡದಲ್ಲಿ ಕಂಚಿನ ಪದಕ ಪಡೆದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್, 200 ಮೀಟರ್ ಹಾಗೂ 4x100 ಮೀಟರ್ ರಿಲೇ ಸ್ಪರ್ಧೆಗಳಲ್ಲಿ ಚಿನ್ನ ಗೆದ್ದರು. ನಮ್ಮ ಮಿಲ್ಖಾ ಸಿಂಗ್ ಅವರು 400 ಮೀಟರ್ ಓಟದಲ್ಲಿ ನಾಲ್ಕನೆಯ ಸ್ಥಾನ ಪಡೆದುದು ಇದೇ ಕೂಟದಲ್ಲಿ. 1961ರಲ್ಲಿ ವಿಲ್ಮಾ 100 ಮೀಟರ್ ಓಟವನ್ನು 11.2 ಸೆಕೆಂಡುಗಳಲ್ಲಿ ಪೂರೈಸಿ ವಿಶ್ವದಾಖಲೆ ಸ್ಥಾಪಿಸಿದರು.

ಸಾಮಾಜಿಕ ಕೊಡುಗೆ

ರೋಮ್‌ನಿಂದ ಮರಳಿದಾಗ ಕ್ಲಾರ್ಕ್ಸ್‌ವಿಲ್ ಪಟ್ಟಣದಲ್ಲಿ ಸ್ವಾಗತ ಸಮಾರಂಭ ಏರ್ಪಾಡಾಯಿತು. ಕಪ್ಪು ಮತ್ತು ಬಿಳಿಯ ಜನರನ್ನು ಪ್ರತ್ಯೇಕಿಸಿದ ಯಾವ ಸಮಾರಂಭದಲ್ಲಿಯೂ ತಾವು ಭಾಗವಹಿಸುವುದಿಲ್ಲವೆಂದು ವಿಲ್ಮಾ ಪಟ್ಟು ಹಿಡಿದರು. ಪರಿಣಾಮವಾಗಿ, ಆ ಊರಿನಲ್ಲಿ ಉಭಯ ಜನಾಂಗದವರು ಒಟ್ಟಾಗಿ ಸೇರಿದ ಪ್ರಥಮ ಸಾರ್ವಜನಿಕ ಸಮಾರಂಭ ಅದಾಯಿತು. 1962ರಲ್ಲಿ ನಿವೃತ್ತರಾದ ಇವರು ಶಿಕ್ಷಕಿಯಾಗಿ ಸೇವೆ ಸಲ್ಲಿಸಿದರು. ಬಡ ಮಕ್ಕಳ ಕ್ರೀಡಾ ತರಬೇತಿಗಾಗಿ ಪ್ರತಿಷ್ಠಾನ ಸ್ಥಾಪಿಸಿದರು. 1994ರ ನವೆಂಬರ್ 12ರಂದು ಮೆದುಳಿನ ಗಡ್ಡೆಯಿಂದ ನಿಧನ ಹೊಂದಿದರು.

ಇಂದಿಗೂ ಪ್ರಸ್ತುತ

ಪೋಲಿಯೋ ಪೀಡಿತರೆಲ್ಲರಿಗೂ ವಿಲ್ಮಾ ಅವರಂತೆ ಕಾಲಿನ ಶಕ್ತಿ ಮರಳುವುದಿಲ್ಲ. ಈ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಆದರೂ ಸಾಧನೆಯ ಹಾದಿ ಮುಚ್ಚುವುದಿಲ್ಲ. ಶೈಶವದಲ್ಲಿಯೇ ಜ್ವರದಿಂದ ಪಾರ್ಶ್ವವಾಯುವಿಗೆ ತುತ್ತಾದ ಬೆಂಗಳೂರಿನ ಮಾಲತಿ ಹೊಳ್ಳ ಅವರು ಗಾಲಿಕುರ್ಚಿಯಲ್ಲಿ ಸ್ಪರ್ಧಿಸಿ ಅಂತರರಾಷ್ಟ್ರೀಯ ಪದಕಗಳನ್ನು ಗಳಿಸಿ, ಅರ್ಜುನ ಮತ್ತು ಪದ್ಮಶ್ರೀ ಪ್ರಶಸ್ತಿಗಳಿಗೆ ಪಾತ್ರರಾಗಿದ್ದಾರೆ.

ಭಾರತದಲ್ಲಿ 1995ರಲ್ಲಿ ಪಲ್ಸ್ ಪೋಲಿಯೋ ಕಾರ್ಯಕ್ರಮ ಆರಂಭವಾಯಿತು. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೋ ಮುಕ್ತ ಮಾನ್ಯತೆ ದೊರೆಯಿತು. ವಿಲ್ಮಾ ಅವರ ತಾಯಿ ವಾರವಾರವೂ 80 ಕಿ.ಮೀ. ದೂರ ಸಾಗಬೇಕಿತ್ತು; ಗದಗ ಜಿಲ್ಲೆಯ ಅಬ್ಬಿಗೇರಿಯಂತಹ ಗ್ರಾಮಗಳ ತಾಯಂದಿರಿಗೆ ರೋಗ ಬಾರದಂತೆ ತಡೆಯುವ ಎರಡು ಹನಿ ಲಸಿಕೆಯು ಸ್ವಂತ ಊರಿನಲ್ಲಿಯೇ ಉಚಿತವಾಗಿ ಲಭ್ಯವಿದೆ. ಐದು ವರ್ಷದೊಳಗಿನ ಯಾವ ಮಗುವೂ ಇದರಿಂದ ವಂಚಿತವಾಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆಯಾಗಿದೆ.