ತಲೆಗೆ ಇಪ್ಪತ್ತು ರೂಪಾಯಿ

ದಾದಾಭಾಯಿ ನವರೋಜಿ ಅಂದ್ರೆ ನಮಗೆಲ್ಲ ಸಂಪತ್ತಿನ ಸೋರಿಕೆ ಸಿದ್ಧಾಂತ, ಹೈಸ್ಕೂಲಿನ ಎರಡು ಮಾರ್ಕ್ಸಿನ ಪ್ರಶ್ನೆ. ಅವರು ಮೂಲತಃ ಗಣಿತದ ಮೇಷ್ಟ್ರು ಅನ್ನೋದು ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ.

1825ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿ, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪಾಠ ಮಾಡಿ, 1855ರಲ್ಲಿ ವ್ಯಾಪಾರಕ್ಕೆಂದು ಲಂಡನ್ನಿಗೆ ಬಂದರು. ಭಾರತ ಏಳಿಗೆಯಾಗ್ತಿದೆ ಅಂತ ಸರ್ಕಾರ ಹೇಳಿದರೆ, ತಲೆಗೆ ಎಷ್ಟು ಅಂತ ಕೇಳಿದರು. ಸರ್ಕಾರಿ ವರದಿಗಳನ್ನು ಕೆದಕಿದಾಗ ತಪ್ಪು ಸಿಕ್ಕಿತು. ಜಿಲ್ಲೆಗಳ ಎಕರೆವಾರು ಇಳುವರಿಯನ್ನು ಸುಮ್ಮನೆ ಕೂಡಿಸಿ ಜಿಲ್ಲೆಗಳ ಸಂಖ್ಯೆಯಿಂದ ಭಾಗಿಸಿದ್ದರು. ಯಾವ ಜಿಲ್ಲೆಯಲ್ಲಿ ಎಷ್ಟು ಎಕರೆ ಬೆಳೆ ಅಂತ ನೋಡಿರಲೇ ಇಲ್ಲ. (ಲ್ಯಾಬ್ ರಿಪೋರ್ಟಲ್ಲಿ ನಾವು ಹೀಗೆ ಮಾಡಿದ್ರೆ ಸೊನ್ನೆ!) ಎಕರೆ, ಇಳುವರಿ, ಬೆಲೆ ಹಿಡಿದು ಅವರೇ ಹೊಸದಾಗಿ ಲೆಕ್ಕ ಹಾಕಿದರು. 1867–68ರಲ್ಲಿ ತಲೆಗೆ ವರ್ಷಕ್ಕೆ ಸುಮಾರು 20 ರೂಪಾಯಿ. ಜೈಲಿನ ಕೈದಿಯ ಊಟ-ಬಟ್ಟೆಗೇ ಅದಕ್ಕಿಂತ ಹೆಚ್ಚು ಖರ್ಚಾಗ್ತಿತ್ತು.

1882ರಲ್ಲಿ ಸರ್ಕಾರದ ಹಣಕಾಸು ಸದಸ್ಯ ಬೇರಿಂಗ್ 27 ರೂಪಾಯಿ ಅಂದರು. ಆಗಿನ ದರದಲ್ಲಿ ಅದು ಮೂರು ಪೌಂಡೂ ಇಲ್ಲ; ಇಂಗ್ಲೆಂಡಿಗೆ ಅವರೇ ಕೊಟ್ಟ ಅಂಕಿ 33 ಪೌಂಡ್. ಯಾರ ಲೆಕ್ಕ ಹಿಡಿದರೂ ಅಂತರ ಹತ್ತು ಪಟ್ಟಿಗೂ ಮೇಲೆ.

1892ರಲ್ಲಿ ಬರೀ 5 ಮತಗಳಿಂದ ಗೆದ್ದು ದಾದಾಭಾಯಿ ಬ್ರಿಟಿಷ್ ಪಾರ್ಲಿಮೆಂಟಿಗೇ ಹೋದರು. ತೀರಿಕೊಂಡಿದ್ದು 1917ರಲ್ಲಿ. ಅದಕ್ಕೂ ಮೊದಲು, 1901ರಲ್ಲಿ, ಭಾರತದ ಬಡತನದ ಬಗ್ಗೆ ದಪ್ಪ ಪುಸ್ತಕವೊಂದು ತಂದರು. ತೆರೆದರೆ ಮೊದಲಿಗೇ ಸಿಗೋದು ಆ ಹಳೇ ಇಳುವರಿ ಲೆಕ್ಕ.